ತೆಂಗಿನಕಾಯಿ, ಪವರ್ ಬ್ಯಾಂಕ್, ಚಟ್ನಿಪುಡಿ: ವಿಮಾನದಲ್ಲಿ ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ಯಾಕೆ ಬಿಡುವುದಿಲ್ಲ?

‘ವಿಮಾನದಲ್ಲಿ ಇವನ್ನೆಲ್ಲ ಒಯ್ಯಬೇಡಿ’ ಎಂಬ ಉದ್ದನೆಯ ಪಟ್ಟಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ಯಾರಾದರೂ ‘ಸುಳ್ಳು, ಹೋದ ತಿಂಗಳು ನಾನೇ ತೆಗೆದುಕೊಂಡು ಹೋಗಿದ್ದೆ’ ಎಂದು ಬರೆದಿರುತ್ತಾರೆ. ತಮಾಷೆಯೆಂದರೆ, ಇಬ್ಬರ ಮಾತೂ ನಿಜವಿರಬಹುದು. ಯಾವ ದೇಶ, ಯಾವ ವಿಮಾನ, ಯಾವ ತಿಂಗಳು ಎಂಬುದನ್ನು ಹೇಳದ ಪಟ್ಟಿಯಿಂದ ಪ್ರಯೋಜನ ಕಡಿಮೆ.

ಈ ನಿಯಮಗಳ ಹಿಂದೆ ಎರಡು ಬೇರೆ ಬೇರೆ ಭಯಗಳಿವೆ. ಒಂದು ಬೆಂಕಿ, ಇನ್ನೊಂದು ದಾಳಿ. ಬೆಂಕಿಗೆ ಸಂಬಂಧಿಸಿದ ಮೂಲ ನಿಯಮಗಳನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರೂಪಿಸುತ್ತದೆ, ಹಾಗಾಗಿ ಅವು ಬಹುತೇಕ ಎಲ್ಲೆಡೆ ಒಂದೇ ಥರ ಇರುತ್ತವೆ. ದಾಳಿ ತಡೆಯುವ ವಿವರಗಳನ್ನು ಆಯಾ ದೇಶವೇ ನಿರ್ಧರಿಸುತ್ತದೆ. ನಮ್ಮಲ್ಲಿ ಆ ಕೆಲಸ ಬಿಸಿಎಎಸ್‌ನದು, ಅಂದರೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊದ್ದು. ದೊಡ್ಡ ನಿಲ್ದಾಣಗಳಲ್ಲಿ ಬ್ಯಾಗ್ ನೋಡುವವರು ಸಿಐಎಸ್‌ಎಫ್ ಸಿಬ್ಬಂದಿ. ಇದರ ಮೇಲೆ ವಿಮಾನ ಕಂಪನಿಗಳು ತಮ್ಮದೂ ಒಂದಿಷ್ಟು ಸೇರಿಸುತ್ತವೆ.

ಎರಡೂ ಭಯ ಒಂದೇ ವಸ್ತುವಿನ ಮೇಲೆ ಬಿದ್ದರೆ ಗೊಂದಲ ಶುರು. ಸಿಗರೇಟ್ ಲೈಟರ್ ನೋಡಿ. ಅಮೆರಿಕದಲ್ಲಿ ಒಂದು ಸಾಮಾನ್ಯ ಲೈಟರನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಬಹುದು. ಭಾರತದಲ್ಲಿ ಅದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ.

ಪವರ್ ಬ್ಯಾಂಕ್ ವಿಷಯದಲ್ಲಿ ಮಾತ್ರ ತಪ್ಪು ಫಾರ್ವರ್ಡ್ ನಂಬಬೇಡಿ. ‘ಅಪಾಯದ ವಸ್ತು, ಅದಕ್ಕೇ ಚೆಕ್-ಇನ್ ಬ್ಯಾಗಿಗೆ ಹಾಕಿ’ ಎಂಬ ಸಲಹೆ ಪೂರ್ತಿ ಉಲ್ಟಾ. ಲಿಥಿಯಂ ಬ್ಯಾಟರಿ ಒಳಗಿಂದೊಳಗೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಸರಕು ಕೋಣೆಯ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಲ್ಲದು, ಬ್ಯಾಟರಿಯೊಳಗಿನ ಬಿಸಿಯನ್ನು ನಿಲ್ಲಿಸಲಾರದು. ಕ್ಯಾಬಿನ್‌ನಲ್ಲಾದರೆ ಹೊಗೆ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ನೀರು ಸುರಿದು ತಣ್ಣಗೆ ಮಾಡುತ್ತಾರೆ. ಹಾಗಾಗಿ ಅದು ಕೈಚೀಲದಲ್ಲೇ ಇರಬೇಕು.

ಎಷ್ಟು ದೊಡ್ಡದು ನಡೆಯುತ್ತದೆ? 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಸುಲಭ: ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ, 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74, ಪಾಸ್. 30,000 ಅಂದರೆ 111, ಮೊದಲೇ ಕೇಳಿಕೊಳ್ಳಿ. ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡುವುದು ವಾಸಿ, ಸಾಮರ್ಥ್ಯ ಓದಲಾಗದಿದ್ದರೆ ತೆಗೆದಿಟ್ಟುಕೊಳ್ಳಬಹುದು.

ಈ ನಿಯಮವೂ ಬಿಗಿಯಾಗುತ್ತಿದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿಯಿತು. ಒಳಗಿದ್ದ 176 ಮಂದಿಯೂ ಬದುಕಿದರು. ತಲೆಯ ಮೇಲಿನ ಲಗೇಜ್ ಕಪಾಟಿನಲ್ಲಿದ್ದ ಪವರ್ ಬ್ಯಾಂಕ್ ಕಾರಣವಿರಬಹುದು ಎಂದು ತನಿಖಾಧಿಕಾರಿಗಳು ಹೇಳಿದರು. ಮಾರ್ಚ್ 1ರಿಂದ ಕೊರಿಯಾದ ವಿಮಾನಗಳಲ್ಲಿ ಅದನ್ನು ಆ ಕಪಾಟಿನಲ್ಲಿಡುವಂತಿಲ್ಲ. ಸಿಂಗಪುರ ಏರ್‌ಲೈನ್ಸ್ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ ಹಾರಾಟದ ನಡುವೆ ಅದರ ಬಳಕೆಯನ್ನೇ ನಿಲ್ಲಿಸಿವೆ.

ಇನ್ನು ತೆಂಗಿನಕಾಯಿ. ದೇವರ ಪ್ರಸಾದಕ್ಕೂ ತಡೆಯೇ ಎಂದು ಕೋಪಗೊಂಡ ಫಾರ್ವರ್ಡ್‌ಗಳೂ ಇವೆ. ಇದರಲ್ಲಿ ಧರ್ಮದ ಮಾತೇ ಇಲ್ಲ, ಎಣ್ಣೆಯ ಮಾತಿದೆ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ರಾಶಿ ಹಾಕಿದಾಗ ತಾನಾಗಿಯೇ ಬಿಸಿಯೇರಿ ಬೆಂಕಿ ಹಿಡಿಯಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ. ಭಾರತದಲ್ಲಿ ಇಡೀ ತೆಂಗಿನಕಾಯಿಯನ್ನೂ ಸಾಮಾನ್ಯವಾಗಿ ಕೈಚೀಲದಲ್ಲಿ ಬಿಡುವುದಿಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ, ಇರುಮುಡಿ ಹೊತ್ತ ಶಬರಿಮಲೆ ಯಾತ್ರಿಕರಿಗೆ 2025ರ ಜನವರಿ 20ರವರೆಗೆ ವಿನಾಯಿತಿ ಕೊಟ್ಟರು. ಆ ಸುದ್ದಿಯ ತುಣುಕು ಮಾರ್ಚ್‌ನಲ್ಲಿ ನಿಮ್ಮ ಫೋನಿಗೆ ಬಂದಿದ್ದರೆ? ಸುದ್ದಿ ನಿಜ, ಅವಧಿ ಮುಗಿದಿತ್ತು.

ದ್ರವಗಳ ಮಿತಿಗೆ ಮೂಲ 2006ರ ಆಗಸ್ಟ್. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಒಯ್ಯುವ ಸಂಚನ್ನು ಬ್ರಿಟನ್ ಪೊಲೀಸರು ಆಗ ಬಯಲಿಗೆಳೆದರು. ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ 100 ಮಿ.ಲೀ. ಮಿತಿ ಬಂದದ್ದು ಅದರ ನಂತರ. ತುಪ್ಪ, ಉಪ್ಪಿನಕಾಯಿ, ಜೇನುತುಪ್ಪ ಎಲ್ಲವೂ ಇಲ್ಲಿ ದ್ರವವೇ. ಲೆಕ್ಕಕ್ಕೆ ಬರುವುದು ಡಬ್ಬಿಯ ಗಾತ್ರ, ಒಳಗೆ ಉಳಿದದ್ದಲ್ಲ. 200 ಮಿ.ಲೀ. ಬಾಟಲಿಯ ತಳದಲ್ಲಿ ಒಂದು ಚಮಚ ಇದ್ದರೂ ಹೊರಗೆ. ದೇಶದೊಳಗಿನ ಹಾರಾಟದಲ್ಲಿ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ಹುಬ್ಬಳ್ಳಿಯಲ್ಲಿ ದಾಟಿಬಂದ ಬಾಟಲಿ ಬೆಂಗಳೂರಿನಲ್ಲಿ ವಿದೇಶಿ ವಿಮಾನಕ್ಕೆ ಹೊರಟಾಗ ಕಸದಬುಟ್ಟಿ ಸೇರುವುದು ಹೀಗೆ.

ಯಂತ್ರ ಬದಲಾದರೆ ನಿಯಮವೂ ಬದಲಾಗುತ್ತದೆ. ಹಳೆಯ ಎಕ್ಸ್-ರೇ ಪರದೆಯಲ್ಲಿ ಲೋಹ ನೀಲಿ, ಸಾವಯವ ವಸ್ತು ಕಿತ್ತಳೆ ಬಣ್ಣ. ಹಲವು ಸ್ಫೋಟಕಗಳೂ ಕಿತ್ತಳೆಯೇ, ಗಟ್ಟಿ ಮೈಸೂರು ಪಾಕೂ ಕಿತ್ತಳೆಯೇ. ಅನುಮಾನ ಬಂದವರು ಬ್ಯಾಗ್ ತೆರೆಸುತ್ತಾರೆ, ಅನುಮಾನ ಬರದವರು ಬಿಡುತ್ತಾರೆ. ಹೊಸ ಸಿಟಿ ಸ್ಕ್ಯಾನರ್‌ಗಳು ಮೂರು ಆಯಾಮದಲ್ಲಿ ತೋರಿಸುವುದರಿಂದ ಅವು ಇರುವ ಕಡೆ ಲ್ಯಾಪ್‌ಟಾಪ್ ಹೊರತೆಗೆಯಬೇಕಿಲ್ಲ. ಆದರೂ 2024ರ ಸೆಪ್ಟೆಂಬರ್ 1ರಿಂದ ಐರೋಪ್ಯ ಒಕ್ಕೂಟ ಅಂಥ ಯಂತ್ರಗಳಿದ್ದ ಕಡೆಗೂ 100 ಮಿ.ಲೀ. ಮಿತಿಯನ್ನು ವಾಪಸ್ ತಂದಿತು. ಮರುವರ್ಷ ಸ್ಕಾಟ್ಲೆಂಡಿನ ಎಡಿನ್‌ಬರಾ ನಿಲ್ದಾಣ 2 ಲೀಟರ್‌ವರೆಗೆ ಬಿಟ್ಟಿತು. ಪ್ರಯಾಣಿಕರಿಗೆ ತಲೆಕೆಡದೆ ಇನ್ನೇನು?

ಅಮೆರಿಕದ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರು ಚಟ್ನಿಪುಡಿ, ಹುಳಿಪುಡಿಗಳನ್ನು ಚೆಕ್-ಇನ್ ಬ್ಯಾಗಿಗೇ ಹಾಕಲಿ. 2018ರ ಜೂನ್ 30ರಿಂದ, ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ ಉಂಟು, ಅಲ್ಲೇ ಬಿಟ್ಟು ಹೋಗಬೇಕಾದೀತು. ದುಬೈಗೆ ಹೊರಟವರು ಗಸಗಸೆಯನ್ನು ಯಾವ ಬ್ಯಾಗಿನಲ್ಲೂ ಇಡಬೇಡಿ. ಅದು ಭದ್ರತೆಯ ನಿಯಮವಲ್ಲ, ಅಲ್ಲಿನ ಮಾದಕ ವಸ್ತು ಕಾನೂನು.

ಇನ್ಸುಲಿನ್ ಮಾತ್ರ ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲೇ ಇರಲಿ. ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಬ್ಯಾಗ್ ಬೇರೆ ಊರಿಗೆ ಹೋದರೆ ಕೈಗೆ ಸಿಗದು. ಪ್ರಯಾಣಕ್ಕೆ ಬೇಕಾದಷ್ಟು ಔಷಧಕ್ಕೆ 100 ಮಿ.ಲೀ. ಮಿತಿ ಅನ್ವಯಿಸುವುದಿಲ್ಲ. ವೈದ್ಯರ ಚೀಟಿಯ ಮೂಲಪ್ರತಿ ಜೊತೆಗಿಟ್ಟುಕೊಂಡು, ಟ್ರೇಗೆ ಹಾಕುವ ಮೊದಲೇ ಸಿಬ್ಬಂದಿಗೆ ತೋರಿಸಿ.