ಮನೆಯ ಪರೀಕ್ಷೆಯೂ ಮನಸ್ಸಿನ ಶಂಕೆಯೂ

ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಎಚ್.ಐ.ವಿ. ರೋಗಾಣುವಿನ ಪ್ರಸ್ತಾಪವೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದವನು. ಹೋದ ವರ್ಷ ನಡೆದ ಒಂದು ಸಂಗತಿಯಿಂದ ನನ್ನ ಅಭಿಪ್ರಾಯವು ಬದಲಾಯಿತು.

ಒಂದು ಸಂಜೆ ನನ್ನಲ್ಲಿ ಹಿಂದೆ ಓದಿದ ಶಿಷ್ಯನೊಬ್ಬನು ಮನೆಗೆ ಬಂದನು. ಒಳ್ಳೆಯ ಉದ್ಯೋಗದಲ್ಲಿರುವವನು, ವಿವಾಹವು ನಿಶ್ಚಯವಾಗಿ, ಲಗ್ನಕ್ಕೆ ಇನ್ನು ಎರಡು ತಿಂಗಳಿದ್ದಿತು. ಕುಶಲಪ್ರಶ್ನೆಗಳೆಲ್ಲ ಮುಗಿದರೂ ಏಳಲಿಲ್ಲ. ನನ್ನ ಮನೆಯವರು ಕಾಫಿಯನ್ನಿಟ್ಟು ಒಳಕ್ಕೆ ಹೋದ ಬಳಿಕ, ತಲೆ ತಗ್ಗಿಸಿಕೊಂಡು, ಒಂದು ತಿಂಗಳ ಹಿಂದೆ ಪರಸ್ಥಳದಲ್ಲಿದ್ದಾಗ ತನ್ನಿಂದ ಒಂದು ತಪ್ಪು ನಡೆಯಿತೆಂದೂ ಅಂದಿನಿಂದ ನಿದ್ರೆಯೆಂಬುದಿಲ್ಲವೆಂದೂ ಹೇಳಿದನು. ಅಮೆರಿಕದಿಂದ ಬಂದ ಗೆಳೆಯನೊಬ್ಬನ ಕೈಯಿಂದ, ಮನೆಯಲ್ಲಿಯೇ ಮಾಡಿಕೊಳ್ಳುವ ಪರೀಕ್ಷೆಯ ಕಿಟ್ಟುಗಳನ್ನು ತರಿಸಿ ನಾಲ್ಕು ಸಲ ನೋಡಿಕೊಂಡಿದ್ದನು. ಮೊದಲನೆಯದು ಹತ್ತನೆಯ ದಿನ. ಕಡೆಯದು ಹಿಂದಿನ ರಾತ್ರಿ. ನಾಲ್ಕು ಸಲವೂ ಸೋಂಕಿಲ್ಲವೆಂದೇ ಉತ್ತರ. ಆದರೆ ಕಡೆಯ ಪಟ್ಟಿಯನ್ನು ಎರಡು ಗಂಟೆಗಳಾದ ಮೇಲೆ ದೀಪದ ಬಳಿ ಹಿಡಿದಾಗ ಇನ್ನೊಂದು ಗೆರೆಯ ನೆರಳು ಕಂಡಂತಾಯಿತಂತೆ. "ಅದು ಇದ್ದಿತೋ ಇಲ್ಲವೋ ನನಗೇ ತಿಳಿಯದು, ಮೇಷ್ಟ್ರೇ" ಎಂದನು. ಅಕ್ಕನ ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟುಬಿಟ್ಟಿದ್ದನು.

ನನಗೆ ಮೊದಲು ಬಂದುದು ಕೋಪ. ನೀತಿಬೋಧೆಯು ನಾಲಗೆಯ ತುದಿಯವರೆಗೆ ಬಂದಿದ್ದಿತು. ಪಾಠ ಹೇಳಿದವರ ಚಾಳಿ ಅದು. ಅವನ ಮುಖವನ್ನು ನೋಡಿ ನುಂಗಿಕೊಂಡೆನು. ಅವನಿಗೆ ಬೇಕಾಗಿದ್ದುದು ತಿಳಿವಳಿಕೆ. ಅದು ನನ್ನಲ್ಲಿಯೂ ಇರಲಿಲ್ಲ. ವೈದ್ಯರೊಬ್ಬರನ್ನು ಕೇಳಿ, ಓದಿ, ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇನೆ.

ಈ ರೋಗದ ಮೊದಲ ವರದಿ ಅಮೆರಿಕದಲ್ಲಿ 1981ನೆಯ ಜೂನ್ ತಿಂಗಳಲ್ಲಿ ಬಂದಿತು. ರೋಗಾಣುವನ್ನು 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಂಡುಹಿಡಿದರು. 1985ರಲ್ಲಿ ರಕ್ತಪರೀಕ್ಷೆಯು ಬಳಕೆಗೆ ಬಂದಿತು. ಮರುವರ್ಷವೇ ಮದ್ರಾಸಿನ ಡಾಕ್ಟರ್ ಸುನೀತಿ ಸಾಲೊಮನ್ನರ ತಂಡದವರು ನಮ್ಮ ದೇಶದಲ್ಲಿಯೂ ಸೋಂಕಿರುವುದನ್ನು ತೋರಿಸಿಕೊಟ್ಟರು. ಮನೆಯಲ್ಲಿ ಮಾಡಿಕೊಂಡು ಮನೆಯಲ್ಲಿಯೇ ಉತ್ತರವನ್ನು ಕಾಣುವ ಓರಾಕ್ವಿಕ್ ಎಂಬ ಪರೀಕ್ಷೆಗೆ ಅಮೆರಿಕದ ಸರ್ಕಾರವು ಅನುಮತಿಯಿತ್ತುದು 2012ನೆಯ ಜುಲೈಯಲ್ಲಿ. ನಮ್ಮ ಹುಡುಗನು ತರಿಸಿಕೊಂಡುದು ಇದನ್ನೇ. ವಸಡಿನ ಮೇಲೆ ಒಂದು ಕಡ್ಡಿಯನ್ನು ಸವರಿ, ದ್ರಾವಣದ ಕೊಳವೆಯಲ್ಲಿ ನಿಲ್ಲಿಸಿ, ಇಪ್ಪತ್ತು ನಿಮಿಷಗಳಾದ ಮೇಲೆ, ನಲವತ್ತು ನಿಮಿಷಗಳೊಳಗಾಗಿ ಓದತಕ್ಕದ್ದು. ಒಂದು ಗೆರೆಯಾದರೆ ಸೋಂಕು ಕಾಣಲಿಲ್ಲವೆಂದರ್ಥ. ಎರಡಾದರೆ, ಎರಡನೆಯದು ಎಷ್ಟೇ ಮಸುಕಾಗಿದ್ದರೂ, ಮುಂದಿನ ಪರೀಕ್ಷೆ ಅವಶ್ಯ. ಮೇಲಿನ ಗೆರೆಯೇ ಮೂಡದಿದ್ದರೆ ಆ ಕಡ್ಡಿಯು ಯಾವ ಉತ್ತರವನ್ನೂ ಕೊಡಲಿಲ್ಲವೆಂದು ತಿಳಿಯಬೇಕು. ಎರಡು ಗಂಟೆಗಳಾದ ಮೇಲೆ ದೀಪದ ಬಳಿ ಕಂಡ ನೆರಳಿಗೆ ಬೆಲೆಯಿಲ್ಲ. ಹೊತ್ತು ಮೀರಿ ಒಣಗಿದ ಪಟ್ಟಿಯು ಏನನ್ನಾದರೂ ತೋರಬಹುದು.

ಇನ್ನು, ಈ ಕಡ್ಡಿಯು ನೋಡುವುದು ಏನನ್ನು? ರೋಗಾಣುವನ್ನಲ್ಲ. ರೋಗಾಣುವು ಹೊಕ್ಕಮೇಲೆ ಶರೀರವು ಅದರೊಡನೆ ಹೋರಾಡಲು ತಯಾರಿಸುವ ಪ್ರತಿಕಾಯಗಳೆಂಬ ವಸ್ತುಗಳನ್ನು. ಇದನ್ನು ಕೇಳಿದಾಗ ನಾನು ಬಾಲ್ಯದಲ್ಲಿ ಓದಿದ ತರ್ಕಶಾಸ್ತ್ರವು ನೆನಪಿಗೆ ಬಂದಿತು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನಪ್ರಮಾಣ. ಮನೆಯ ಪರೀಕ್ಷೆಯೂ ಅನುಮಾನವೇ, ಪ್ರತ್ಯಕ್ಷವಲ್ಲ. ಹೊಗೆಯಿದ್ದರೆ ಬೆಂಕಿಯುಂಟು, ಆದರೆ ಹೊಗೆಯಿಲ್ಲದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಬಹುದೇ? ಕೂಡದೆಂದು ನೈಯಾಯಿಕರು ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಾರೆ. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಮನುಷ್ಯನು ಈ ಕಾದ ಗುಂಡಿನಂತೆ ಇರುತ್ತಾನೆ. ರೋಗಾಣುವು ಒಳಗೆ ಬೆಳೆಯುತ್ತಿರುವುದು. ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ. ಆಗ ಮಾಡಿದ ಪರೀಕ್ಷೆಯು ಇಲ್ಲವೆಂದರೆ, ಅದು ಸುಳ್ಳು ಹೇಳಿತೆಂದಲ್ಲ. ಹೊತ್ತಿಗೆ ಮುಂಚೆ ಕೇಳಿದ ಪ್ರಶ್ನೆಗೆ ಅದಕ್ಕೆ ತಿಳಿದಷ್ಟು ಉತ್ತರ ಕೊಟ್ಟಿತು.

ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ಈ ಕಾಲವನ್ನು ಹೀಗೆ ಎಣಿಸಿರುವರು: ಪ್ರತಿಕಾಯಗಳನ್ನು ಮಾತ್ರ ನೋಡುವ ಪರೀಕ್ಷೆಗಳಲ್ಲಿ ಸೋಂಕು ಕಾಣಿಸಿಕೊಳ್ಳಲು 23ರಿಂದ 90 ದಿನಗಳು ಬೇಕು. ಮನೆಯ ಪರೀಕ್ಷೆಗಳಲ್ಲಿ ಬಹುಪಾಲು ಈ ಜಾತಿಯವೇ. ರೋಗಾಣುವಿನ ಅಂಶವನ್ನೂ ಪ್ರತಿಕಾಯವನ್ನೂ ಒಟ್ಟಿಗೆ ನೋಡುವ ಪರೀಕ್ಷೆಯನ್ನು, ರಕ್ತನಾಳದಿಂದ ತೆಗೆದ ರಕ್ತದಲ್ಲಿ, ಪ್ರಯೋಗಶಾಲೆಯಲ್ಲಿ ಮಾಡಿದರೆ 18ರಿಂದ 45 ದಿನಗಳು. ಹುಡುಗನ ಹತ್ತನೆಯ ದಿನದ ಪರೀಕ್ಷೆಯು ಬರಿಯ ವ್ಯರ್ಥ. ಕಡೆಯದೂ ಅರೆ ಉತ್ತರ.

ಕಾಲವು ಸಂದ ಮೇಲೆಯಾದರೂ ಇದನ್ನು ನಂಬಬಹುದೇ ಎಂದು ಅವನು ಕೇಳಿದನು. ಲೆಕ್ಕ ಹಾಕಿ ತೋರಿಸಿದೆನು. ಸಾಮಾನ್ಯ ಜನರು ತಾವಾಗಿಯೇ ಈ ಕಡ್ಡಿಯಿಂದ ಪರೀಕ್ಷಿಸಿಕೊಂಡಾಗ, ಸೋಂಕುಳ್ಳ 12 ಮಂದಿಯಲ್ಲಿ ಒಬ್ಬನಿಗೆ ಇಲ್ಲವೆಂದು ತಪ್ಪು ಉತ್ತರ ಬಂದಿತು. ಸೋಂಕಿಲ್ಲದ 5000 ಮಂದಿಯಲ್ಲಿ ಒಬ್ಬನಿಗೆ ಉಂಟೆಂದು ತಪ್ಪು ಉತ್ತರ. ನಮ್ಮ ದೇಶದ ವಯಸ್ಕರಲ್ಲಿ ಹತ್ತು ಸಾವಿರಕ್ಕೆ ಹೆಚ್ಚುಕಡಮೆ 20 ಮಂದಿಗೆ ಸೋಂಕಿರುವುದು. ಹತ್ತು ಸಾವಿರ ಮಂದಿಯೂ ಕಡ್ಡಿಯನ್ನು ಸವರಿಕೊಂಡರೆಂದಿಟ್ಟುಕೊಳ್ಳಿ. ಆ 20ರಲ್ಲಿ 18 ಮಂದಿ ಸಿಕ್ಕುವರು, ಇಬ್ಬರು ತಪ್ಪಿಸಿಕೊಳ್ಳುವರು. ಉಳಿದ 9980ರಲ್ಲಿ ಇಬ್ಬರಿಗೆ ಇಲ್ಲದ ಸೋಂಕು ಉಂಟೆಂದು ಕಾಣುವುದು. ಧೂಳನ್ನು ಹೊಗೆಯೆಂದು ಭ್ರಮಿಸಿದಂತೆ. ಎಂದರೆ, ಎರಡು ಗೆರೆ ಕಂಡ 20 ಮಂದಿಯಲ್ಲಿ ಇಬ್ಬರು ನಿರೋಗಿಗಳು! ಈ ಕಾರಣದಿಂದಲೇ ಒಂದು ಕಡ್ಡಿಯನ್ನು ನಂಬಿ ಯಾರೂ ಬಾವಿಯ ಕಡೆಗೆ ನೋಡಕೂಡದು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ರೋಗಲಕ್ಷಣವಿಲ್ಲದವನಿಗೆ ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲಿಯೂ ಸೋಂಕು ಕಂಡಲ್ಲದೆ ಉಂಟೆಂದು ಹೇಳುವುದಿಲ್ಲ.

ಎರಡು ಸಂಗತಿಗಳನ್ನು ಹುಡುಗನು ಮೊದಲೇ ತಿಳಿದಿದ್ದರೆ ಎಷ್ಟೋ ಚೆನ್ನಾಗಿರುತ್ತಿದ್ದಿತು. ಅಪಾಯವು ಸಂಭವಿಸಿದ 72 ಗಂಟೆಗಳೊಳಗೆ, ಎಷ್ಟು ಬೇಗನೋ ಅಷ್ಟು ಲೇಸು, ವೈದ್ಯರ ಬಳಿ ಹೋದರೆ 28 ದಿನಗಳ ಔಷಧದಿಂದ ಸೋಂಕು ನೆಲೆಗೊಳ್ಳದಂತೆ ತಡೆಯುವ ಉಪಾಯವುಂಟು. ಆ ಮೂರು ದಿನಗಳನ್ನು ಅವನು ನಾಚಿಕೆಯಲ್ಲಿ ಕಳೆದನು. ಇನ್ನೊಂದು, ಮಗುವಿನ ವಿಚಾರ. ಈ ರೋಗವು ಸ್ತ್ರೀಪುರುಷರ ಅಥವಾ ಪುರುಷಪುರುಷರ ಸಂಸರ್ಗದಿಂದ, ಸೋಂಕಿದ ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಶಿಶುವಿಗೆ ಹೀಗೆ ಹರಡತಕ್ಕದ್ದು. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. "ನಿನಗೆ ಸೋಂಕು ಇದ್ದರೂ ಮಗುವನ್ನು ಎತ್ತಿಕೊಳ್ಳಬಹುದು, ಇಂದೇ ಹೋಗಿ ಎತ್ತಿಕೊ" ಎಂದೆನು. ಅಂದು ಅವನ ಕಣ್ಣಲ್ಲಿ ನೀರು ಬಂದುದು ಈ ಮಾತಿಗೆ ಮಾತ್ರ.

ವಿವಾಹದ ಮಾತೂ ಬಂದಿತು. ಕಾಣದ ಆ ಹುಡುಗಿಯ ಪಕ್ಷವಾಗಿ ಮಾತನಾಡಲು ಅಲ್ಲಿ ನಾನೊಬ್ಬನೇ ಇದ್ದೆನು. ಸೋಂಕಿದೆಯೆಂದಾದರೆ ಲಗ್ನಕ್ಕೆ ಮೊದಲು ಆಕೆಗೆ ತಿಳಿಸಿಯೇ ತೀರಬೇಕೆಂದು ಖಂಡಿತವಾಗಿ ಹೇಳಿದೆನು. ಅವನು ಒಪ್ಪಿದನು. ಸೋಂಕಿದ್ದರೆ ಬಾಳು ಮುಗಿಯಿತೆಂಬುದು ಹಳೆಯ ಮಾತು. 1996ರಿಂದೀಚೆಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯುಂಟು. ನಮ್ಮ ದೇಶದಲ್ಲಿ 2004ರಿಂದ ಸರ್ಕಾರವು ಇದನ್ನು ಧರ್ಮಾರ್ಥವಾಗಿ ಕೊಡುತ್ತಿದೆ. ತಪ್ಪದೆ ಸೇವಿಸಿ ರಕ್ತದಲ್ಲಿ ರೋಗಾಣುವು ಅಳೆಯಲಾಗದಷ್ಟು ಕಡಮೆಯಾಗಿ ನಿಂತವರಿಂದ ಸಂಸರ್ಗದ ಮೂಲಕವೂ ಸೋಂಕು ಹರಡುವುದಿಲ್ಲ.

ಐದನೆಯ ಕಿಟ್ಟನ್ನು ಅವನು ತೆರೆಯಕೂಡದೆಂದು ಮಾತು ತೆಗೆದುಕೊಂಡೆನು. ನಲವತ್ತೈದು ದಿನಗಳು ಕಳೆದ ಮೇಲೆ ಪ್ರಯೋಗಶಾಲೆಯ ರಕ್ತಪರೀಕ್ಷೆ; ಆ ಉತ್ತರವೇ ಉತ್ತರ. ನಡುವೆ ಹೊಸ ಅಪಾಯವೇನೂ ಇಲ್ಲದಿದ್ದರೆ ಮತ್ತೆ ಪರೀಕ್ಷೆಯಿಲ್ಲ. ಆ ಬಳಿಕವೂ ಶಂಕೆಯು ಬಿಡದಿದ್ದರೆ ಅದು ರಕ್ತದ ವಿಷಯವಲ್ಲ, ಮನಸ್ಸಿನ ವಿಷಯ. ಅದಕ್ಕೆ ಬೇರೆ ವೈದ್ಯರಿದ್ದಾರೆ, ಅವರಲ್ಲಿಗೆ ಹೋಗುವುದರಲ್ಲಿಯೂ ನಾಚಿಕೆಯಿಲ್ಲ. ಕೇಳುವವರಿಲ್ಲದವರು 1097 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿ ಮಾಡಿ ಕೇಳಬಹುದು.

ಐವತ್ತನೆಯ ದಿನ ಬೆಳಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಸಮಾಲೋಚಕಿಯಾದ ಹೆಣ್ಣುಮಗಳು ಅವನನ್ನು ಒಳಗೆ ಕರೆದು, ನನ್ನನ್ನು ಬಾಗಿಲಲ್ಲಿಯೇ ತಡೆದಳು. ಮೊದಲು ನನಗೆ ಬೇಸರವಾಯಿತು. ಆಮೇಲೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಒಬ್ಬನ ಒಪ್ಪಿಗೆಯಿಲ್ಲದೆ ಪರೀಕ್ಷೆಯನ್ನು ಮಾಡಕೂಡದು, ಫಲವನ್ನು ಹೊರಗೆ ಹೇಳಲೂ ಕೂಡದೆಂದು ತಿಳಿದು, ಅವಳು ಮಾಡಿದುದು ಸರಿಯೆನ್ನಿಸಿತು. ಮರುದಿನ ಸಂಜೆ ಅವನು ಕಾಗದವನ್ನು ಹಿಡಿದುಕೊಂಡು ಬಂದು ನನ್ನೆದುರಿಗೆ ಓದಿದನು. ಅದರಲ್ಲಿ ಏನಿದ್ದಿತೆಂಬುದು ಅವನಿಗೆ ಸೇರಿದ್ದು, ನಾನು ಬರೆಯತಕ್ಕದ್ದಲ್ಲ. ಜತೆಯಲ್ಲಿ ಅಕ್ಕನ ಮಗುವನ್ನು ಕರೆದುಕೊಂಡು ಬಂದಿದ್ದನು. ಅದು ಅವನ ಹೆಗಲ ಮೇಲೆ ಕುಳಿತು, ನನ್ನ ಕನ್ನಡಕಕ್ಕೆ ಕೈ ಹಾಕುತ್ತಿದ್ದಿತು.