ಸ್ಕೀಗಳ ಚಾತುರ್ಮಾಸ್ಯ

ಹಿಮವೇ ಬೀಳದ ಬೆಂಗಳೂರಿನ ಕಾಲೇಜೊಂದರ ವಾರ್ಷಿಕ ಸಂಚಿಕೆಯಲ್ಲಿ ಸ್ಕೀಗಳ ಮಾತೇಕೆ ಎಂದು ವಾಚಕರು ಕೇಳಬಹುದು. ಹಿಮದ ಮೇಲೆ ಜಾರುವುದಕ್ಕಾಗಿ ಎರಡು ಕಾಲುಗಳಿಗೂ ಒಂದೊಂದರಂತೆ ಕಟ್ಟಿಕೊಳ್ಳುವ, ಮೂತಿ ಮೇಲಕ್ಕೆ ಬಾಗಿದ ನೀಳವಾದ ಹಲಗೆಗಳೇ ಸ್ಕೀಗಳು. ಎರಡು ಪಾದಗಳನ್ನೂ ಒಂದೇ ಅಗಲವಾದ ಹಲಗೆಯ ಮೇಲೆ ಅಡ್ಡಲಾಗಿ ಊರಿ ಜಾರುವುದಾದರೆ ಅದು ಸ್ನೋಬೋರ್ಡ್. ಇವು ಕನ್ನಡಿಗರಿಗೆ ಸಂಬಂಧಪಡದ ವಸ್ತುಗಳೆಂದು ಈಗ ಹೇಳುವಂತಿಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ನಾರ್ಡಿಕ್ ಸ್ಕೀಯಿಂಗ್ ವಿಭಾಗದಲ್ಲಿ ಸ್ಪರ್ಧಿಸಿ ಕರ್ನಾಟಕಕ್ಕೆ ಪದಕಗಳನ್ನು ತಂದುಕೊಟ್ಟಿದ್ದಾರೆ. 1968ರಲ್ಲಿ ಸ್ಥಾಪನೆಯಾದ ಗುಲ್ಮಾರ್ಗದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲಿಯೂ, ಔಲಿ ಮತ್ತು ಸೋಲಂಗ್‌ಗಳ ಇಳಿಜಾರುಗಳಲ್ಲಿಯೂ ದಕ್ಷಿಣದ ವಿದ್ಯಾರ್ಥಿಗಳು ಅಪರೂಪವಲ್ಲ.

ಕಲಿಯಹೋಗುವವರಲ್ಲಿ ಹೆಚ್ಚಿನವರು ಸಾಮಾನನ್ನು ಅಲ್ಲಿಯೇ ಬಾಡಿಗೆಗೆ ಪಡೆಯುತ್ತಾರೆ. ಆದರೆ ಎರಡು ಮೂರು ಬಾರಿ ಹೋಗಿಬರುವವರಿಗೆ ಬಾಡಿಗೆಗಿಂತ ಸ್ವಂತದ್ದೇ ಮೇಲು ಎನಿಸುವುದುಂಟು. ಹೀಗೆಣಿಸಿ ನಾವು ನಾಲ್ವರು ಸಹಪಾಠಿಗಳು ವಂತಿಗೆ ಹಾಕಿ ಎರಡು ಜೊತೆ ಹಳೆಯ ಸ್ಕೀಗಳನ್ನೂ ಅವಕ್ಕೆ ಹೊಂದುವ ಬೂಟುಗಳನ್ನೂ ಎರಡು ಮಲಗುಚೀಲಗಳನ್ನೂ ಕೊಂಡೆವು. ಅವೆಲ್ಲ ಈಗ ಗವಿಪುರದ ನಮ್ಮ ಮನೆಯಲ್ಲಿವೆ. ಬರುವ ಚಳಿಗಾಲದಲ್ಲಿ ಅವನ್ನು ತೊಡಬೇಕಾದವರು ನಮಗಿಂತ ಕಿರಿಯರಾದ ಇಬ್ಬರು. ಅಷ್ಟು ಹಣವನ್ನು ಇನ್ನೊಮ್ಮೆ ಕೂಡಿಸುವ ಶಕ್ತಿ ನಮಗಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಕೆಟ್ಟ ಸಾಮಾನು ಮನೆಯಲ್ಲಿರುವಾಗ ಅಪಾಯವನ್ನು ತೋರಿಸದೆ ಸಾವಿರಾರು ಅಡಿ ಎತ್ತರದ ಇಳಿಜಾರಿನಲ್ಲಿ ತೋರಿಸುತ್ತದೆ. ಆದುದರಿಂದ ಇವುಗಳ ಸಂರಕ್ಷಣೆಯನ್ನು ಕುರಿತು ಓದಿ, ತಿಳಿದವರನ್ನು ಕೇಳಿ, ಮಾಡಿ ನೋಡಿ ಅರಿತದ್ದನ್ನು ಇಲ್ಲಿ ನಿರೂಪಿಸಿದ್ದೇನೆ.

ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುವ ಕಾಲಕ್ಕೆ, ಕಾಶ್ಮೀರದಲ್ಲಿ ‘ಚಿಲ್ಲೈ ಕಲಾನ್’ ಎಂಬ ನಲವತ್ತು ದಿನಗಳ ಕಡುಚಳಿ ನಡೆದಿರುತ್ತದೆ. ಸ್ಕೀಗಳಿಗೆ ಅದೇ ಸುಗ್ಗಿ. ಮಾರ್ಚ್ ಕಳೆಯುವಷ್ಟರಲ್ಲಿ ಸುಗ್ಗಿ ಮುಗಿದು ಅವು ಊರಿಗೆ ಮರಳುತ್ತವೆ. ಮತ್ತೆ ಹೊರಡುವುದು ಡಿಸೆಂಬರಿನಲ್ಲಿ. ಯತಿಗಳಿಗೆ ಚಾತುರ್ಮಾಸ್ಯ ನಾಲ್ಕು ತಿಂಗಳಾದರೆ ಇವಕ್ಕೆ ಒಂಬತ್ತು ತಿಂಗಳು. ಬಳಕೆಯಲ್ಲಿ ಸವೆಯುವುದಕ್ಕಿಂತ ಈ ಬಿಡುವಿನಲ್ಲಿಯೇ ಅವು ಹೆಚ್ಚು ಕೆಡುತ್ತವೆಂಬುದು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ.

ಶೀತದೇಶಗಳ ಕೈಪಿಡಿಗಳು ‘ತಂಪಾದ, ಒಣಗಿದ, ಬಿಸಿಲು ಬೀಳದ ಜಾಗದಲ್ಲಿ ಇಡಿರಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಬೆಂಗಳೂರಿನಲ್ಲಿ ಈ ಮೂರು ಗುಣಗಳೂ ಒಂದೇ ಜಾಗದಲ್ಲಿ ದೊರೆಯುವುದು ಸುಲಭವಲ್ಲ. ನಮ್ಮ ಬಿಡುವಿನ ಕಾಲದ ಮೊದಲ ಭಾಗ ಕಡುಬೇಸಗೆ. 2016ರ ಏಪ್ರಿಲಿನಲ್ಲಿ ಈ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಆಮೇಲೆ ಜೂನಿನಿಂದ ಅಕ್ಟೋಬರಿನವರೆಗೆ ಮಳೆ. ತಗಡಿನ ಸೂರಿನ ಕೆಳಗಣ ಅಟ್ಟವು ಏಪ್ರಿಲಿನಲ್ಲಿ ಕಾದ ಹೆಂಚಿನಂತಾಗುತ್ತದೆ. ನೆಲದ ಮೇಲೆ ಗೋಡೆಗೆ ಒರಗಿಸಿದರೆ ಮಳೆಗಾಲದ ತೇವ ಏರುತ್ತದೆ. ಬಚ್ಚಲಿನ ಗೋಡೆಗೆ ತಗುಲಿದ ಮೂಲೆಯಂತೂ ವರ್ಷವಿಡೀ ಒದ್ದೆ. ಉಳಿಯುವುದು ನಡುಮನೆಯ ಒಳಗೋಡೆ, ಮಂಚದ ಅಡಿ, ಅಥವಾ ಗಾಳಿಯಾಡುವ ಕಪಾಟಿನ ಮೇಲ್ಭಾಗ. ನಮ್ಮ ಮನೆಯಲ್ಲಿ ಸ್ಕೀಗಳಿಗೆ ದೊರೆತದ್ದು ಅಜ್ಜಿಯ ಮಂಚದ ಅಡಿ. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಮರದ ತುಂಡುಗಳನ್ನು ಕೊಟ್ಟು, ಅವುಗಳ ಮೇಲೆ ಅಡ್ಡಲಾಗಿ ಮಲಗಿಸಿದ್ದೇವೆ.

ಇಡುವ ಮುನ್ನ ಮಾಡಬೇಕಾದ ಮೊದಲ ಕೆಲಸ ಶುಚಿ. ಮಣ್ಣು, ಮರದ ಅಂಟು, ಹಳೆಯ ಮೇಣ ಇವೆಲ್ಲವನ್ನೂ ತೆಗೆದು, ನೆರಳಿನಲ್ಲಿ ಪೂರ್ತಿ ಆರಿಸಬೇಕು. ಕೆನಡಾದಲ್ಲಿಯೂ ಅಮೆರಿಕೆಯಲ್ಲಿಯೂ ನೆಲೆಸಿರುವ ನಮ್ಮವರು ಸ್ಕೀಗಳನ್ನು ಕಾರಿನ ಮೇಲೆ ಕಟ್ಟಿ ಒಯ್ಯುವುದುಂಟು. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪನ್ನು ತೊಳೆಯದೆ ಇಟ್ಟರೆ ಉಕ್ಕಿಗೆ ತುಕ್ಕು ಬೇಗ ಹತ್ತುವುದೆಂಬುದನ್ನು ಅವರು ನೆನಪಿಡಬೇಕು.

ಸ್ಕೀಯ ರಚನೆಯನ್ನು ತಿಳಿದರೆ ಉಳಿದ ಕೆಲಸಗಳ ಕಾರಣ ತಾನಾಗಿ ಹೊಳೆಯುತ್ತದೆ. ಸಾಮಾನ್ಯವಾಗಿ ಒಳಗೆ ಮರದ ತಿರುಳು, ಅದರ ಸುತ್ತ ಗಾಜಿನ ನಾರಿನ ಪದರ, ಅಡಿಯಲ್ಲಿ ಪಾಲಿಥೀನ್ ಜಾತಿಯ ನುಣುಪಾದ ತಳ. ಇಳಿಜಾರಿನಲ್ಲಿ ಬಳಸುವ ಸ್ಕೀಗಳಾದರೆ ತಳದ ಎರಡು ಅಂಚಿಗೂ ಉಕ್ಕಿನ ಪಟ್ಟಿ. ತಿರುವಿನಲ್ಲಿ ಗಟ್ಟಿಹಿಮವನ್ನು ಕಚ್ಚಿ ಹಿಡಿಯುವುದು ಈ ಉಕ್ಕಿನ ಅಂಚೇ. ಅದರ ಮೇಲೆ ನೀರಿನ ಪಸೆ ನಿಂತರೆ ತುಕ್ಕು ಖಚಿತ. ತೆಳುವಾದ ತುಕ್ಕನ್ನು ಉಜ್ಜುಗಲ್ಲಿನಿಂದ ತೆಗೆಯಬಹುದು. ಆಳಕ್ಕೆ ತಿಂದಿದ್ದರೆ ಅಂಚಿನ ಉಕ್ಕನ್ನೇ ಅರದಿಂದ ತೇಯಬೇಕಾಗುವುದು. ಅಷ್ಟರಮಟ್ಟಿಗೆ ಸ್ಕೀಯ ಆಯುಸ್ಸು ಕಡಿಮೆಯಾದಂತೆಯೇ.

ತಳಕ್ಕೂ ಅಂಚಿಗೂ ಒಟ್ಟಾಗಿ ರಕ್ಷೆಯಾಗುವುದು ಮೇಣ. ಸ್ಕೀಗಾಗಿಯೇ ತಯಾರಾದ ಮೇಣವನ್ನು ಕರಗಿಸಿ, ತಳದ ಮೇಲೆ ದಪ್ಪನಾಗಿ ಹರಡಿ, ಉಕ್ಕಿನ ಅಂಚನ್ನೂ ಮುಚ್ಚಿ, ಹೆರೆಯದೆ ಹಾಗೆಯೇ ಬಿಡಬೇಕು. ಹೆರೆಯುವುದು ಮುಂದಿನ ಸುಗ್ಗಿಯ ಮೊದಲ ದಿನ. ಮೇಣವಿಲ್ಲದೆ ಗಾಳಿಗೆ ತೆರೆದಿದ್ದ ತಳವು ಕ್ರಮೇಣ ಬೆಳ್ಳಗೆ ಒಣಗಿ, ಮುಂದೆ ಮೇಣವನ್ನು ಚೆನ್ನಾಗಿ ಹೀರದು, ಜಾರು ಕುಂದುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯನ್ನು ಇದಕ್ಕೆ ಬಳಸಬಾರದು. ಅದರ ಬಿಸಿ ಒಂದೇ ಸಮನಾಗಿರದೆ ಏರಿಳಿಯುತ್ತದೆ, ಮೇಣ ಹೊಗೆಯಾಡುವಷ್ಟು ಕಾದರೆ ತಳವೇ ಸುಡುತ್ತದೆ. ಬಟ್ಟೆಗೆ ಮೇಣ ಹತ್ತಿ ಅಮ್ಮನವರ ಕೋಪವೂ ಲಭಿಸುತ್ತದೆ! ನಾರ್ಡಿಕ್ ಸ್ಕೀಗಳಲ್ಲಿ ಪಾದದ ಕೆಳಗಣ ನಡುಭಾಗಕ್ಕೆ ಹಿಮವನ್ನು ಹಿಡಿಯಲೆಂದು ಬೇರೊಂದು ಅಂಟುಮೇಣ ಬಳಿದಿರುತ್ತಾರೆ. ಅದು ಧೂಳನ್ನೆಲ್ಲ ಸೆಳೆಯುವುದರಿಂದ ಮೊದಲೇ ಒರೆಸಿ ತೆಗೆಯಬೇಕು.

ಸ್ಕೀಯನ್ನು ಸಮನೆಲದ ಮೇಲಿಟ್ಟರೆ ನಡುಭಾಗ ಕೊಂಚ ಮೇಲೆದ್ದು ಬಿಲ್ಲಿನಂತೆ ಕಾಣುವುದುಂಟು. ಸವಾರನ ಭಾರವನ್ನು ಉದ್ದಕ್ಕೂ ಹಂಚುವುದು ಈ ಬಾಗು. ಹಿಂದೆ ನಾರ್ವೆಯ ಜನ ಇಡೀ ಮರದ ಸ್ಕೀಗಳಿಗೆ ದೇವದಾರು ಜಾತಿಯ ಮರದ ಕೀಲನ್ನು ಬಳಿದು, ಎರಡು ತುದಿಗಳನ್ನೂ ಕಟ್ಟಿ, ನಡುವೆ ಮರದ ತುಂಡೊಂದನ್ನು ತುರುಕಿ ಬೇಸಗೆ ಕಳೆಯುತ್ತಿದ್ದರು. ಇಲ್ಲವಾದರೆ ಮರ ಬಾಗನ್ನು ಕಳೆದುಕೊಳ್ಳುತ್ತಿತ್ತು. ಈಗಿನ ಪದರಗಳ ಸ್ಕೀಗೆ ಆ ತುಂಡು ಬೇಡ. ಆದರೆ ಎರಡನ್ನೂ ತಳಕ್ಕೆ ತಳ ತಾಗುವಂತೆ ಬಿಗಿದು ಕಟ್ಟುವುದೂ, ಮೇಲೆ ಟ್ರಂಕು ಹೇರುವುದೂ ತಪ್ಪೇ.

ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎಂದು ಹೆಸರು. ಇಳಿಜಾರಿನ ಸ್ಕೀಗಳಲ್ಲಿ ಇದರೊಳಗೆ ಸ್ಪ್ರಿಂಗ್ ಇರುತ್ತದೆ. ಬಿದ್ದಾಗ ಕಾಲು ಮಿತಿಮೀರಿ ತಿರುಚಿದರೆ ಬೂಟನ್ನು ತಾನಾಗಿ ಬಿಟ್ಟುಕೊಡುವುದು ಅದರ ಧರ್ಮ. ಸವಾರನ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಕೌಶಲ ಇವನ್ನು ನೋಡಿ ಬಿಗಿತವನ್ನು ನಿಶ್ಚಯಿಸುತ್ತಾರೆ. ಬಿಡುವಿನಲ್ಲಿ ಸ್ಪ್ರಿಂಗನ್ನು ಸಡಿಲಿಸಬೇಕೆಂದು ಕೆಲವರು, ಈಗಿನ ಸ್ಪ್ರಿಂಗುಗಳಿಗೆ ಅದು ಅನಾವಶ್ಯಕವೆಂದು ಕೆಲವರು. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿರ್ವಿವಾದ: ಸಡಿಲಿಸಿದವನು ಅದನ್ನು ಚೀಟಿಯಲ್ಲಿ ಬರೆದು ಸ್ಕೀಗೆ ಕಟ್ಟಬೇಕು, ತೊಡುವ ಮೊದಲು ಬಲ್ಲವರಿಂದ ಮತ್ತೆ ಸರಿಪಡಿಸಿಕೊಳ್ಳಬೇಕು. ಶ್ರುತಿ ತಪ್ಪಿದ ತಂಬೂರಿಯಿಂದ ಕಛೇರಿ ಕೆಟ್ಟೀತು. ಅಳತೆ ತಪ್ಪಿದ ಬೈಂಡಿಂಗಿನಿಂದ ಕಾಲು ಮುರಿದೀತು. ನಮ್ಮ ಸ್ಕೀಗಳನ್ನು ಮುಂದೆ ತೊಡುವವರು ಬೇರೆಯವರಾದ್ದರಿಂದ ಈ ಮಾತು ನಮಗೆ ಇಮ್ಮಡಿ ಮುಖ್ಯ.

ಬೂಟುಗಳ ವಿಷಯದಲ್ಲಿ ಬೆಂಗಳೂರಿನ ಮಳೆಗಾಲವೇ ದೊಡ್ಡ ಶತ್ರು. ಒಳಗಿನ ಮೆತ್ತೆಯನ್ನು ಹೊರತೆಗೆದು ಎರಡು ಮೂರು ದಿನ ಫ್ಯಾನಿನ ಗಾಳಿಗೆ ಆರಿಸಿ, ಮತ್ತೆ ಒಳಗಿಟ್ಟು, ಕೊಂಡಿಗಳನ್ನು ಸಡಿಲವಾಗಿ ಹಾಕಬೇಕು. ಪೂರ್ತಿ ತೆರೆದಿಟ್ಟರೆ ಹೊರಚಿಪ್ಪು ಆಕಾರಗೆಡುತ್ತದೆ. ಒಲೆಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಆರಿಸಬಾರದು. ಹೊರಚಿಪ್ಪಿಗೂ, ಚಾರಣದ ಬೂಟುಗಳ ಅಟ್ಟೆಯ ನಡುಪದರಕ್ಕೂ ಸಾಮಾನ್ಯವಾಗಿ ಬಳಸುವ ಪಾಲಿಯೂರಿಥೇನ್ ಎಂಬ ವಸ್ತುವಿಗೆ ಒಂದು ವಿಚಿತ್ರ ದೋಷವಿದೆ. ಗಾಳಿಯಲ್ಲಿರುವ ತೇವವು ಕಾಲಕ್ರಮದಲ್ಲಿ ಅದರ ಅಣುಗಳ ಸರಪಳಿಯನ್ನು ಕತ್ತರಿಸುತ್ತ ಹೋಗುತ್ತದೆ. ಬಿಸಿಯೂ ತೇವವೂ ಕೂಡಿದರೆ ಈ ಕ್ರಿಯೆಗೆ ವೇಗ ಹೆಚ್ಚು. ಕೆಲವು ವರ್ಷ ಪೆಟ್ಟಿಗೆಯಲ್ಲಿ ಕುಳಿತ ಬೂಟು ನೋಡಲು ಹೊಸದರಂತಿದ್ದು, ನಡೆಯತೊಡಗಿದೊಡನೆ ಅಟ್ಟೆ ಪುಡಿಪುಡಿಯಾಗಿ ಕಳಚುವುದು ಇದರಿಂದಲೇ. ಹೊರಡುವ ಮೊದಲು ಅಟ್ಟೆಯನ್ನು ಬೆರಳಿನಿಂದ ಒತ್ತಿ, ಬಾಗಿಸಿ, ಬಿರುಕು ಹುಡುಕಿ, ಒಂದು ದಿನ ಊರಿನಲ್ಲಿಯೇ ನಡೆದು ನೋಡುವುದು ಕ್ಷೇಮ.

ಮಲಗುಚೀಲದ ಒಳಗೆ ಬಾತಿನ ತುಪ್ಪುಳವಿರುತ್ತದೆ. ನಮ್ಮನ್ನು ಬೆಚ್ಚಗಿಡುವುದು ತುಪ್ಪುಳವಲ್ಲ, ಅದರ ನಡುವೆ ಸಿಕ್ಕಿಕೊಂಡ ಗಾಳಿ. ಪ್ರಯಾಣದಲ್ಲಿ ಚಿಕ್ಕ ಚೀಲಕ್ಕೆ ಅದನ್ನು ತುರುಕುವುದು ಅನಿವಾರ್ಯ. ಒಂಬತ್ತು ತಿಂಗಳು ಹಾಗೆಯೇ ಬಿಟ್ಟರೆ ತುಪ್ಪುಳ ಚಪ್ಪಟೆಯಾಗಿ ಮತ್ತೆ ಉಬ್ಬದು. ದೊಡ್ಡ ಹತ್ತಿಬಟ್ಟೆಯ ಚೀಲದಲ್ಲಿ ಸಡಿಲವಾಗಿ ತುಂಬಿ ತೂಗುಹಾಕುವುದು ಲೇಸು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗುಳಿದ ತೇವ ಹೊರಬರಲಾರದೆ ಬೂಸಲು ಹಿಡಿಯುತ್ತದೆ. ನಮ್ಮ ಅಜ್ಜಿ ದಸರೆಯ ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಡುವುದೂ ಇದೇ ನ್ಯಾಯದಿಂದ.

ಉಣ್ಣೆಯ ಬಟ್ಟೆಯನ್ನು ಒಗೆಯದೆ ಇಡಬಾರದು. ನುಸಿಯ ಮರಿಗಳು ಉಣ್ಣೆಯನ್ನು ತಿನ್ನುತ್ತವೆ, ಬೆವರಿನ ಕಲೆಯಿದ್ದರಂತೂ ಅವಕ್ಕೆ ಹಬ್ಬ. ನಮ್ಮ ಮನೆಗಳಲ್ಲಿ ಇದಕ್ಕೆ ನ್ಯಾಫ್ತಲೀನ್ ಗುಳಿಗೆ ಹಾಕುವ ರೂಢಿಯಿದೆ. ಆದರೆ ಅದೇ ಪೆಟ್ಟಿಗೆಯಲ್ಲಿ ಶಿರಸ್ತ್ರಾಣವನ್ನು ಇಡಕೂಡದು. ಪೆಟ್ಟನ್ನು ತಾಳಿಕೊಳ್ಳಲೆಂದು ಅದರೊಳಗಿರುವ ನೊರೆಯಂಥ ಪದರ ಬಹುಮಟ್ಟಿಗೆ ಪಾಲಿಸ್ಟೈರೀನ್. ಗುಳಿಗೆಯ ಆವಿಯಿಂದ ಅದು ಮೆತ್ತಗಾಗಿ ಕೆಡಬಹುದು. ಟಾರ್ಚು ಮುಂತಾದವುಗಳ ಬ್ಯಾಟರಿಗಳನ್ನು ತೆಗೆದಿಡಬೇಕು. ಅವು ಸೋರಿದರೆ ಒಳಗಿನ ಲೋಹವೆಲ್ಲ ಹಾಳು.

ಇಟ್ಟು ಮರೆತರೆ ಇಷ್ಟೆಲ್ಲ ಶ್ರಮವೂ ನಿಷ್ಫಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬಿಸಿಲು ಕಂಡ ದಿನ, ಎಲ್ಲವನ್ನೂ ಹೊರತೆಗೆದು ಇಲಿ, ಗೆದ್ದಲು, ಬೂಸಲುಗಳ ಗುರುತು ನೋಡಬೇಕು. ನಾವು ಒಂದು ನೋಟ್‌ಬುಕ್ಕನ್ನು ಸಾಮಾನಿನೊಡನೆ ಇರಿಸಿ, ಮೇಣ ಹಾಕಿದ ದಿನ, ನೋಡಿದ ದಿನ, ಕಂಡ ದೋಷ ಇವನ್ನು ಬರೆಯುತ್ತಿದ್ದೇವೆ. ಕಿರಿಯರ ಕೈಗೆ ಸಾಮಾನು ಹೋಗುವಾಗ ಈ ಪುಸ್ತಕವೂ ಹೋಗುತ್ತದೆ.

ಸ್ಕೀಯನ್ನು ಎಂದೂ ಮುಟ್ಟದ ಮಿತ್ರರಿಗೂ ಇದರಲ್ಲಿ ಪ್ರಯೋಜನವಿದೆಯೆಂದು ನಂಬಿದ್ದೇನೆ. ಕ್ರಿಕೆಟ್ ಬ್ಯಾಟು, ನೆಟ್ಟು, ಡೇರೆ, ಕ್ಯಾನ್ವಾಸ್ ಚೀಲ ಇವೆಲ್ಲವೂ ಬೇಸಗೆಯ ರಜೆಯಲ್ಲಿ ಇಂಥದೇ ವನವಾಸವನ್ನು ಅನುಭವಿಸುತ್ತವೆ. ಒಣಗಿಸಿ ಇಡುವುದು, ಭಾರ ಹೇರದಿರುವುದು, ಬಿಸಿಗೆ ಒಡ್ಡದಿರುವುದು, ಆಗಾಗ್ಗೆ ನೋಡುವುದು ಎಂಬ ನಾಲ್ಕು ಕೆಲಸಗಳಿಗೆ ಹೆಚ್ಚು ಹಣ ಬೇಕಿಲ್ಲ. ಪರೀಕ್ಷೆ ಮುಗಿದ ಮರುದಿನ ನಾಲ್ಕು ಜನ ಅರ್ಧ ದಿನವನ್ನು ಮೀಸಲಿಟ್ಟರೆ ನಮ್ಮ ಕಾಲೇಜಿನ ಕ್ರೀಡಾಕೊಠಡಿಯ ಸಾಮಾನಿಗೂ ಅಷ್ಟು ಸಾಕಾದೀತು. ಈ ವರ್ಷ ಆ ನಾಲ್ವರಲ್ಲಿ ಒಬ್ಬನಾಗಲು ನಾನು ಸಿದ್ಧನಿದ್ದೇನೆ. ಉಳಿದ ಮೂವರು ಹೆಸರು ಕೊಡಬೇಕೆಂದು ಕೋರುತ್ತೇನೆ.