ಬಾಡಿಗೆ ಮುಟ್ಟಿತು

ತಿಂಗಳ ಐದನೇ ತಾರೀಖು. ನಲ್ಲಿ ಹತ್ತಿರ ಕೊಡ ಇಟ್ಟು ನಿಂತಿದ್ದೇವೆ. ಮನೆ ಓನರ್ ಅಮ್ಮ ಬಾಗಿಲಿಗೆ ಬಂದರು. ನಾವು ತಲೆ ತಗ್ಗಿಸಿದೆವು. ಅವರು ಏನೂ ಕೇಳಲಿಲ್ಲ. ನಾವೂ ಏನೂ ಹೇಳಲಿಲ್ಲ. ಕೊಡ ಎತ್ತಿಕೊಂಡು ಒಳಗೆ ಬಂದೆವು.

ಬಾಡಿಗೆ ಮನೆಯಲ್ಲಿ ಇರುವ ಯಾರಿಗೆ ಈ ಬೆಳಗು ಗೊತ್ತಿಲ್ಲ? ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಸಿರುಗುಪ್ಪದಲ್ಲಿ ಭತ್ತದ ಗದ್ದೆಗೆ, ಅಕ್ಕಿ ಗಿರಣಿಗೆ ಹೋಗುವವರು, ಕುರುಗೋಡಿನಲ್ಲಿ ಹೊಲದ ಕೂಲಿ ಮಾಡುವವರು, ನಮ್ಮಲ್ಲಿ ಬಹಳ ಮಂದಿ ಇನ್ನೊಬ್ಬರ ಮನೆಯಲ್ಲಿ ಒಲೆ ಹಚ್ಚುವವರೇ. ಮನೆ ಅವರದು. ಸಂಸಾರ ನಮ್ಮದು. ಇಬ್ಬರೂ ಒಂದೇ ಅಂಗಳ ಗುಡಿಸಬೇಕು.

ಆ ದಿನ ತಲೆ ತಗ್ಗಿಸಿದೆವಲ್ಲ, ಏನು ಹೇಳಬಹುದಿತ್ತು?

"ಅಮ್ಮಾ, ಈ ಸಲ ಕೂಲಿ ರೊಕ್ಕ ಕೈಗೆ ಬಂದಿಲ್ಲ. ಅರ್ಧ ಈಗ ತಗೊಳ್ರಿ. ಉಳಿದದ್ದು ಹದಿನೈದಕ್ಕೆ ಕೊಡ್ತೀನಿ."

ಇಷ್ಟೇ ಮಾತು. ಐದರಂದು ಹೇಳುವುದಕ್ಕಿಂತ ಒಂದನೇ ತಾರೀಖಿಗೇ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಕೂಲಿ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ನಾಟಿ ಹಚ್ಚುವಾಗ, ಕೊಯ್ಲಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಕಾಲುವೆಗೆ ನೀರು ಬಿಡದಿದ್ದರೆ ಅದೂ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲೂಕುಗಳಲ್ಲಿ ಬರ ಅಂತ ಸರ್ಕಾರವೇ ಸಾರಿತು. ಬಾಡಿಗೆ ಮಾತ್ರ ಬರ ನೋಡುವುದಿಲ್ಲ, ತಿಂಗಳಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅದಕ್ಕೇ ಸುಗ್ಗಿಯಲ್ಲಿ ಎರಡು ತಿಂಗಳ ಬಾಡಿಗೆ ಮುಂಗಡ ಕೊಟ್ಟು ಬಿಡುವವರು ಇದ್ದಾರೆ. ಜಾಣರು ಅವರು. ರೊಕ್ಕ ಕೈಯಲ್ಲಿದ್ದರೆ ಜಾತ್ರೆಗೋ ಮದುವೆಗೋ ಕರಗಿ ಹೋಗುತ್ತದೆ.

ಓನರ್ ಅಂದರೆ ಎಲ್ಲರೂ ಸಾಹುಕಾರರು ಅಂತ ನಾವು ತಿಳಿಯುತ್ತೇವೆ. ಸ್ವಲ್ಪ ಒಳಹೊಕ್ಕು ನೋಡಿ. ಗಂಡ ತೀರಿದ ಮೇಲೆ ಎರಡು ಕೋಣೆ ಬಾಡಿಗೆಗೆ ಕೊಟ್ಟು ಅದರಲ್ಲೇ ಔಷಧಿ, ದಿನಸಿ ತೂಗಿಸುವ ಮುದುಕಿಯರು ನಮ್ಮ ಓಣಿಯಲ್ಲೇ ಇದ್ದಾರೆ. ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ಮಾಡಿ ನಮ್ಮ ಬಾಡಿಗೆಯಿಂದ ಕಂತು ಕಟ್ಟುವವರೂ ಇದ್ದಾರೆ. ನಾವು ಹತ್ತು ದಿನ ತಡ ಮಾಡಿದರೆ ಅವರ ಮನೆಯಲ್ಲೂ ಏನೋ ಒಂದು ನಿಲ್ಲುತ್ತದೆ.

ಇನ್ನು ಲೆಕ್ಕದ ಮಾತು.

ನಮ್ಮ ಪೈಕಿ ಒಬ್ಬಾಕೆ ಬಳ್ಳಾರಿಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದಳು. ಅಕ್ಷರ ಕಲಿತ ಹೊಸತು. ಎಲ್ಲಿ ಬೋರ್ಡು ಕಂಡರೂ ಓದುವಳು. ಎರಡು ರೂಪಾಯಿ ಹೆಚ್ಚಾದರೂ ಬರೆದಿಡುವಳು. ಬಾಡಿಗೆ ಕೊಡುವಾಗ ಪುಸ್ತಕ ಮುಂದೆ ಹಿಡಿದಳು.

"ಅಮ್ಮಾ, ಇಲ್ಲಿ ಒಂದು ಸಹಿ ಹಾಕ್ರಿ."

ಓನರ್ ಅಮ್ಮನ ಮುಖ ಕೆಂಪಾಯಿತು. "ಏನವ್ವಾ, ನನ್ನ ಮ್ಯಾಲ ನಂಬಿಕಿ ಇಲ್ಲೇನು? ಐದು ವರ್ಷ ಆಯ್ತು ನೀ ಬಂದು!" ಅಂದು ಒಳಗೆ ಹೋದರು. ಮುಂದಿನ ತಿಂಗಳೂ ಅದೇ. ಇವಳಿಗೆ ಸಂಶಯ ಹತ್ತಿತು. ಸಹಿ ಹಾಕಲು ಯಾಕೆ ಹಿಂದೆ ಸರಿಯುತ್ತಾರೆ? ನಾಳೆ ಬಾಡಿಗೆ ಬಂದಿಲ್ಲ ಅಂತ ಅನ್ನಬೇಕು ಅಂತಲೇ? ಎರಡು ಮನೆಗಳ ನಡುವೆ ಮಾತು ಕಡಿಮೆಯಾಯಿತು. ಹಬ್ಬಕ್ಕೆ ಹೋಳಿಗೆ ಬರುತ್ತಿದ್ದದ್ದೂ ನಿಂತಿತು.

ಆಮೇಲೆ ಒಂದು ದಿನ ಪೋಸ್ಟ್‌ಮ್ಯಾನ್ ಬಂದ. ಓನರ್ ಅಮ್ಮನಿಗೆ ಒಂದು ಕಾಗದ. ಮಗ ಊರಲ್ಲಿ ಇರಲಿಲ್ಲ. ಅಮ್ಮ ಸುಮ್ಮನೆ ಕಾಗದ ಹಿಡಿದು ನಿಂತಿದ್ದರು. ಪೋಸ್ಟ್‌ಮ್ಯಾನ್ ಇಂಕಿನ ಡಬ್ಬಿ ತೆಗೆದ. ಅಮ್ಮ ಹೆಬ್ಬೆಟ್ಟು ಒತ್ತಿದರು. ಇವಳು ಅದನ್ನು ನೋಡಿದಳು. ಅಮ್ಮನೂ ಇವಳು ನೋಡಿದ್ದನ್ನು ನೋಡಿದರು.

ಮರುದಿನ ಇವಳೇ ಹೋಗಿ ಕಾಗದ ಓದಿ ಹೇಳಿದಳು. ಮುಂದಿನ ತಿಂಗಳು ಪುಸ್ತಕದಲ್ಲಿ ತಾನೇ ಬರೆದಳು, ಓದಿ ಹೇಳಿದಳು. ಅಮ್ಮ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು. ಪುಸ್ತಕ ಎರಡು ತಂದಿದ್ದಳು. ಒಂದು ತನಗೆ, ಒಂದು ಅಮ್ಮನಿಗೆ. ಎರಡರಲ್ಲೂ ಒಂದೇ ಲೆಕ್ಕ.

ನೀವೂ ಹೀಗೆ ಬರೆಯಬಹುದು:

"ತಾರೀಖು 5, ಜೂನ್. ಮೇ ತಿಂಗಳ ಬಾಡಿಗೆ 3,000 ರೂಪಾಯಿ ಮುಟ್ಟಿತು. ಬಾಕಿ ಇಲ್ಲ. ಕೊಟ್ಟವರ ಸಹಿ. ತೆಗೆದುಕೊಂಡವರ ಸಹಿ."

ರೂಪಾಯಿಯನ್ನು ಅಂಕಿಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ. 3,000 ಇದ್ದದ್ದು 8,000 ಆಗಲು ಒಂದು ಗೀಟು ಸಾಕು. "ಮೂರು ಸಾವಿರ" ಅಂತ ಬರೆದರೆ ತಿದ್ದುವುದು ಕಷ್ಟ. ಈಗ ಫೋನಿನಲ್ಲೇ ಬಾಡಿಗೆ ಕಳಿಸುವವರು ಹೆಚ್ಚು. ಅದೂ ಒಂದು ರಸೀದಿಯೇ. ಆದರೆ ಫೋನು ಯಾರದು? ಗಂಡನದು. ಅವನು ಕೆಲಸಕ್ಕೆ ಬೇರೆ ಊರಿಗೆ ಹೋದರೆ ಲೆಕ್ಕವೂ ಅವನ ಜೇಬಿನಲ್ಲಿ ಹೋಯಿತು. ಅದಕ್ಕೇ ಪುಸ್ತಕ ಮನೆಯಲ್ಲಿರಲಿ.

ಬಾಡಿಗೆ ಕರಾರು ಪತ್ರದ ಕಥೆಯೂ ಇದೇ. ಹೆಚ್ಚಿನ ಪತ್ರಗಳಲ್ಲಿ ಗಂಡಸಿನ ಹೆಸರು ಮಾತ್ರ ಇರುತ್ತದೆ. ಅವನು ತೀರಿಕೊಂಡರೆ, ಬಿಟ್ಟು ಹೋದರೆ, ಅಡ್ವಾನ್ಸ್ ರೊಕ್ಕ ನಮ್ಮದು ಅಂತ ಹೇಳಲು ನಮ್ಮ ಹತ್ತಿರ ಏನಿದೆ? ಬಂಗಾರ ಒತ್ತೆ ಇಟ್ಟು ಅಡ್ವಾನ್ಸ್ ಕೊಟ್ಟವಳು ಅವಳು. ಪತ್ರದಲ್ಲಿ ಅವಳ ಹೆಸರಿಲ್ಲ. ಇಬ್ಬರ ಹೆಸರೂ ಹಾಕಿಸಿ. ಸಹಿ ಮಾಡುವ ಮೊದಲು ಓದಿ. ನಿಧಾನ ಆದರೂ ಸರಿ, ಅಕ್ಷರ ಅಕ್ಷರ ಕೂಡಿಸಿ ಓದಿ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಬಿಡುವಾಗ ಸುಣ್ಣ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಇವೆಲ್ಲ ಅದರಲ್ಲಿ ಇರಬೇಕು.

ಪತ್ರ ಹನ್ನೊಂದು ತಿಂಗಳಿಗೇ ಯಾಕೆ ಅಂತ ಕೇಳುತ್ತೀರಿ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಾದರೆ ಅದನ್ನು ರಿಜಿಸ್ಟರ್ ಮಾಡಿಸಬೇಕು. 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದು ತಿಂಗಳು. ಆದರೆ ಭೋಗ್ಯಕ್ಕೆ ಮನೆ ಹಿಡಿಯುವವರು ಇಲ್ಲಿ ಹುಷಾರಾಗಿರಬೇಕು. ಲಕ್ಷಗಟ್ಟಲೆ ರೊಕ್ಕ ಒಮ್ಮೆಲೇ ಕೊಡುತ್ತೀರಿ. ಎರಡು ವರ್ಷ, ಮೂರು ವರ್ಷ ಇರುತ್ತೀರಿ. ಇಂಥ ಪತ್ರ ರಿಜಿಸ್ಟರ್ ಆಗಲೇಬೇಕು. ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೋ ಅಂತ ಮೊದಲೇ ವಿಚಾರಿಸಿ. ಸಾಲ ತೀರದೆ ಬ್ಯಾಂಕು ಮನೆಗೆ ಬೀಗ ಹಾಕಿದರೆ ನಮ್ಮ ರೊಕ್ಕಕ್ಕಾಗಿ ಅಲೆಯಬೇಕು.

ಬರವಣಿಗೆಗೆ ಸಿಗದ ಮಾತುಗಳೂ ಇವೆ. ಮನೆ ಕೇಳಲು ಹೋದಾಗ "ನೀವು ಯಾವ ಮಂದಿ?" ಅಂತ ಕೇಳುತ್ತಾರೆ. ಮನೆ ಖಾಲಿ ಇದ್ದರೂ ಜಾತಿ ಕೇಳಿದ ಮೇಲೆ "ಬೇರೆಯವರಿಗೆ ಕೊಟ್ಟಾಯ್ತು" ಅನ್ನುತ್ತಾರೆ. ಈ ನೋವು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಕೆಲವರು ಜಾತಿ ಬಚ್ಚಿಟ್ಟು ಮನೆ ಹಿಡಿಯುತ್ತಾರೆ. ಆಮೇಲೆ ಮೀನು ಹುರಿದರೆ ಕಿಟಕಿ ಮುಚ್ಚಬೇಕು. ನೆಂಟರು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ತಪ್ಪು ಬಚ್ಚಿಟ್ಟವಳದ್ದಲ್ಲ, ಕೇಳಿದವರದ್ದು. ಆದರೂ ಅಂಥ ಭಯದಲ್ಲಿ ದಿನ ನೂಕುವುದು ಕಷ್ಟ. "ನಮ್ಮ ಮನೆಯಲ್ಲಿ ಮಾಂಸ ಮಾಡ್ತೀವಿ, ನಿಮಗೆ ತಕರಾರು ಇಲ್ಲ ಅಲ್ವಾ?" ಅಂತ ಬಾಯಿ ಬಿಟ್ಟು ಕೇಳಿ, ಇಲ್ಲ ಅಂದವರ ಮನೆ ಹಿಡಿಯುವುದೇ ವಾಸಿ ಅಂತ ನಮಗೆ ಕಂಡಿದೆ.

ನೀರು, ಕರೆಂಟು

ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಬೇಕು, ಡ್ರಮ್ಮು ತುಂಬಬೇಕು. ಬೇಸಿಗೆಯಲ್ಲಿ ಬಳ್ಳಾರಿ ಗುಡ್ಡ ಕಾದ ಹೆಂಚಿನ ಹಾಗೆ ಆಗುತ್ತದೆ. ಆಗ ಜಗಳವೆಲ್ಲ ನೀರಿನದೇ. ಯಾರು ಎಷ್ಟು ಕೊಡ, ಮೋಟಾರು ಯಾವಾಗ ಹಾಕುವುದು, ಬಟ್ಟೆ ಯಾವ ದಿನ ಒಗೆಯುವುದು, ಇದನ್ನು ಮನೆ ಸೇರುವ ಮೊದಲೇ ಕೇಳಿಕೊಳ್ಳಿ. ನೆಂಟರು ಬರುವುದಿದ್ದರೆ, ಕುರುಗೋಡು ಜಾತ್ರೆಗೆ ಹತ್ತು ಮಂದಿ ಇಳಿಯುವುದಿದ್ದರೆ, ಎರಡು ದಿನ ಮೊದಲು ಓನರಿಗೆ ಒಂದು ಮಾತು ಹೇಳಿ. ಹೇಳಿ ಕರೆದ ನೆಂಟರಿಗೆ ಅವರೂ ಎರಡು ಕೊಡ ನೀರು ಕೊಟ್ಟಾರು.

ಕರೆಂಟಿಗೆ 2023ರಲ್ಲಿ ಸರ್ಕಾರ ಗೃಹಜ್ಯೋತಿ ಯೋಜನೆ ತಂದಿತು. ಬಾಡಿಗೆ ಮನೆಯವರಿಗೂ ಇದು ಸಿಗುತ್ತದೆ. ಬಿಲ್ಲಿನ ಮೇಲಿನ ನಂಬರು ಮತ್ತು ನಮ್ಮ ಆಧಾರ್ ಜೋಡಿಸಬೇಕು. ಎಲ್ಲರಿಗೂ ಪೂರಾ 200 ಯೂನಿಟ್ ಪುಕ್ಕಟೆ ಅಂತ ತಿಳಿಯಬೇಡಿ. ಆ ಮೀಟರಿನಲ್ಲಿ ಹಿಂದೆ ಎಷ್ಟು ಉರಿದಿತ್ತೋ ಅದರ ಸರಾಸರಿಗೆ ಸ್ವಲ್ಪ ಹೆಚ್ಚು ಸೇರಿಸಿ ಮಿತಿ ಹಾಕುತ್ತಾರೆ. 200 ದಾಟಿದರೆ ಪೂರಾ ಬಿಲ್ಲು ಕಟ್ಟಬೇಕು. ತಂಟೆ ಇರುವುದು ಇಲ್ಲೇ. ಒಂದೇ ಮೀಟರಿನಲ್ಲಿ ಓನರೂ ಇದ್ದಾರೆ, ನಾವೂ ಇದ್ದೇವೆ. ಎರಡು ಮನೆ ಸೇರಿ 200 ದಾಟಿತು. ಬಿಲ್ಲು ಯಾರು ಕಟ್ಟಬೇಕು? ಬೇರೆ ಮೀಟರು ಇದ್ದರೆ ಈ ಮಾತೇ ಇಲ್ಲ. ಇಲ್ಲದಿದ್ದರೆ ಹೇಗೆ ಹಂಚುವುದು ಅಂತ ಮೊದಲೇ ಒಪ್ಪಿಕೊಂಡು ಅದೇ ಪುಸ್ತಕದಲ್ಲಿ ಬರೆದಿಡಿ.

ಮನೆಯಲ್ಲೇ ಜೀನ್ಸ್ ಹೊಲಿಯುವವರು ಇನ್ನೊಂದು ಮಾತು ಕೇಳಬೇಕು. ಮೋಟಾರಿನ ಮಷೀನು ಕರೆಂಟು ತಿನ್ನುತ್ತದೆ, ಗೋಡೆ ಆಚೆಗೂ ಸದ್ದು ಹೋಗುತ್ತದೆ. ಗೃಹಜ್ಯೋತಿ ಇರುವುದು ಮನೆ ಬಳಕೆಗೆ ಮಾತ್ರ. ಮಷೀನು ತಂದು ಇಟ್ಟ ಮೇಲೆ ಹೇಳುವುದಕ್ಕಿಂತ ತರುವ ಮೊದಲು ಕೇಳಿ. ರಾತ್ರಿ ಇಷ್ಟು ಗಂಟೆಗೆ ನಿಲ್ಲಿಸ್ತೀನಿ ಅಂತ ಮಾತು ಕೊಡಿ. ಕೊಟ್ಟ ಮಾತಿನಂತೆ ನಿಲ್ಲಿಸಿ.

ಮಾಳಿಗೆ ಸೋರಿದರೆ

ಹಳೇ ಮಣ್ಣಿನ ಮಾಳಿಗೆ ಮನೆಗಳು ನಮ್ಮ ಕಡೆ ಇನ್ನೂ ಇವೆ. ಬಿಸಿಲಿಗೆ ತಂಪು, ಮಳೆಗೆ ತಾಪತ್ರಯ. ಮೊದಲ ಹನಿ ಬಿದ್ದ ದಿನವೇ ಓನರಿಗೆ ತೋರಿಸಿ. ಅದು ನಮ್ಮ ಹಕ್ಕೂ ಹೌದು, ಹೊಣೆಯೂ ಹೌದು. ಸುಮ್ಮನಿದ್ದು ತೊಲೆ ಕೊಳೆತ ಮೇಲೆ ಹೇಳಿದರೆ "ಯಾಕೆ ಮೊದಲೇ ಹೇಳಲಿಲ್ಲ?" ಅಂತಾರೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಎರಡು ಸಲ ಬಾಯಲ್ಲಿ ಹೇಳಿ. ಆಗದಿದ್ದರೆ ಒಂದು ಚೀಟಿ ಬರೆಯಿರಿ:

"ಅಮ್ಮನವರಿಗೆ ನಮಸ್ಕಾರ. ಅಡುಗೆ ಕೋಣೆಯ ಮಾಳಿಗೆ ಸೋರುತ್ತಿದೆ. ಮಳೆ ಹೆಚ್ಚುವ ಮೊದಲು ರಿಪೇರಿ ಮಾಡಿಸಬೇಕು. ನೀವು ಹೇಳಿದರೆ ನಾವೇ ಮಾಡಿಸುತ್ತೇವೆ. ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳೋಣವೇ?"

ಕೇಳದೆ ಖರ್ಚು ಮಾಡಿ, ತಿಂಗಳ ಕೊನೆಗೆ ಬಾಡಿಗೆಯಲ್ಲಿ ಮುರಿದುಕೊಂಡರೆ ಜಗಳ ಖಂಡಿತ. ಬಲ್ಬು, ನಲ್ಲಿಯ ವಾಷರು ಇಂಥ ಸಣ್ಣಪುಟ್ಟದ್ದಕ್ಕೆ ಓನರನ್ನು ಕೂಗಬೇಡಿ. ಗೋಡೆಗೆ ಮೊಳೆ ಹೊಡೆಯಲು ಮಾತ್ರ ಕೇಳಿಯೇ ಹೊಡೆಯಿರಿ. ಮೊಳೆಗೆ ಎಷ್ಟು ಮನಸ್ತಾಪ ಆಗುತ್ತದೆ ಅಂತ ಹೇಳಿದರೆ ನೀವು ನಗುತ್ತೀರಿ.

ಮನೆ ಬಿಡಿ ಅಂದರೆ

ಎಷ್ಟೇ ಹೊಂದಿಕೊಂಡರೂ ಒಂದು ದಿನ "ಮಗನ ಮದುವೆ ಐತಿ, ಮನಿ ಬಿಡ್ರಿ" ಅಂದಾರು. ಮನೆ ಅವರದು, ಕೇಳುವ ಹಕ್ಕು ಇದೆ. ಆದರೆ ಇವತ್ತು ಹೇಳಿ ನಾಳೆ ಬಿಡಿಸಲು ಬರುವುದಿಲ್ಲ. ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಕನಿಷ್ಠ 15 ದಿನ ಮೊದಲು ಬರವಣಿಗೆಯಲ್ಲಿ ನೋಟೀಸು ಕೊಡಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮಾತಿದು. ನಾವು ಬಿಡುವಾಗಲೂ ಅಷ್ಟೇ ದಿನ ಮೊದಲು ಹೇಳಬೇಕು. ನಾವು ಒಪ್ಪದಿದ್ದರೆ ಅವರು ಕೋರ್ಟಿಗೆ ಹೋಗಬೇಕು. ಪಾತ್ರೆ ಪಗಡ ಬೀದಿಗೆ ಹಾಕುವುದು, ಬೀಗ ಜಡಿಯುವುದು, ನೀರು ಕರೆಂಟು ಕಡಿಯುವುದು, ಇದಕ್ಕೆ ಯಾವ ಓನರಿಗೂ ಅಧಿಕಾರ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಇನ್ನೊಂದು ಇದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದು ಎಲ್ಲಾ ಊರಿಗೂ, ಎಲ್ಲಾ ಮನೆಗೂ ಅನ್ವಯಿಸುವುದಿಲ್ಲ. ಬಾಡಿಗೆ ಒಂದು ಮಿತಿ ದಾಟಿದರೆ ಅದರ ರಕ್ಷಣೆ ಇಲ್ಲ. ನಿಮ್ಮ ಮನೆಗೆ ಯಾವ ಕಾನೂನು ಅನ್ನುವುದನ್ನು ವಕೀಲರನ್ನೇ ಕೇಳಿ.

ವಕೀಲರಿಗೆ ಕೊಡಲು ರೊಕ್ಕ ಎಲ್ಲಿಂದ? ಹೆಂಗಸರಿಗೆ ಕಾನೂನು ನೆರವು ಪುಕ್ಕಟೆ. ಆದಾಯ ಎಷ್ಟೇ ಇರಲಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಈ ಹಕ್ಕು ಕೊಟ್ಟಿದೆ. ಬಳ್ಳಾರಿ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಿರುಗುಪ್ಪದವರು ಅಲ್ಲಿನ ನ್ಯಾಯಾಲಯದಲ್ಲೇ ಕೇಳಬಹುದು. ಫೋನು ಮಾಡುವುದಾದರೆ 15100. ಕೋರ್ಟು ಅಂದ ಕೂಡಲೇ ಹೆದರಬೇಡಿ. ಇಬ್ಬರನ್ನೂ ಕೂರಿಸಿ ಮಾತಾಡಿಸಿ ರಾಜಿ ಮಾಡಿಸುವ ದಾರಿಯೂ ಅಲ್ಲಿದೆ. ಹೋಗುವಾಗ ಆ ಪುಸ್ತಕ ಚೀಲದಲ್ಲಿರಲಿ. ಅವರು ಮೊದಲು ಕೇಳುವುದು ಅದನ್ನೇ.

ಮನೆ ಬಿಡುವ ದಿನ ಓನರನ್ನು ಕರೆದು ಕೋಣೆ ಕೋಣೆ ತೋರಿಸಿ. ಕರೆಂಟು ಬಿಲ್ಲು ಎಲ್ಲಿಯವರೆಗೆ ಕಟ್ಟಿದ್ದೀರಿ, ತೋರಿಸಿ. ಗೃಹಜ್ಯೋತಿಯಲ್ಲಿ ನಿಮ್ಮ ಆಧಾರನ್ನು ಆ ಮೀಟರಿನಿಂದ ಬಿಡಿಸಿ, ಇಲ್ಲದಿದ್ದರೆ ಹೊಸ ಮನೆಗೂ ಸಿಗದು, ಹಿಂದೆ ಬರುವವರಿಗೂ ಸಿಗದು. ಅಡ್ವಾನ್ಸಿನಲ್ಲಿ ಬಣ್ಣಕ್ಕೆ ಹಿಡಿದದ್ದೆಷ್ಟು, ಕೈಗೆ ಬಂದದ್ದೆಷ್ಟು, ಎರಡನ್ನೂ ಬರೆದು ಸಹಿ ಮಾಡಿಸಿಕೊಳ್ಳಿ. ಆಮೇಲೆ ಕೀಲಿಕೈ ಕೊಡಿ.

ನಾವು ಹೇಳಿದ ಆ ಬಳ್ಳಾರಿಯಾಕೆ ಈಗ ಬೇರೆ ಓಣಿಯಲ್ಲಿದ್ದಾಳೆ. ಮನೆ ಬಿಟ್ಟ ದಿನ ಓನರ್ ಅಮ್ಮ ತಮ್ಮ ಪುಸ್ತಕ ತಂದರು. ಕೊನೆಯ ಪುಟದಲ್ಲಿ ಇವಳು ಬರೆದಳು, ಓದಿ ಹೇಳಿದಳು. ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಇಸಿದುಕೊಂಡರು. ಹೆಸರಿನ ಮೊದಲ ಎರಡು ಅಕ್ಷರ ಬಂತು. ಮೂರನೆಯದು ಸೊಟ್ಟಗಾಯಿತು.

"ನಿನ್ನ ಮಗಳು ಕಲಿಸ್ಯಾಳ," ಅಂದರು.